ಕೂಡಲೇನ್ರೀ

ವರ್ಗಾವಣೆ ಪತ್ರದಲ್ಲಿ ನಡತೆ: ತೃಪ್ತಿಕರ.
ಕಾಲೇಜು ಬಿಡಲು ಕಾರಣ: ಸ್ವಂತ.
ಆ ಎರಡಕ್ಷರದ ಮೇಲೆ ಗುಮಾಸ್ತರು
ಕನ್ನಡಕ ಏರಿಸಿ ಇಳಿಸಿ
ಕೊನೆಗೆ ಮೂರನೇ ಸೆಮಿಸ್ಟರಿಗೆ ಸೇರಿಸಿಕೊಂಡರು.

ಕಾರವಾರದಲ್ಲಿ ಆಗ ಆಗಸ್ಟ್.
ಕಾಜುಬಾಗದ ಹಾಸ್ಟೆಲ್ಲಿನ ಗೋಡೆಗೆ ಒರಗಿದರೆ
ಸುಣ್ಣ ಬೆನ್ನಿಗೆ ಬರುತ್ತಿತ್ತು.
ಮುದ್ದೇಬಿಹಾಳದಿಂದ ಟ್ರಂಕಿನಲ್ಲಿ ತಂದ ಕಟಕ ರೊಟ್ಟಿ
ಮೂರೇ ದಿನಕ್ಕೆ ಕಟಕುವುದನ್ನು ಮರೆತು
ಒದ್ದೆ ಪತ್ರಿಕೆಯ ಹಾಗೆ ಮಡಚಿಕೊಂಡವು.
ಗುರೆಳ್ಳು ಹಿಂಡಿ ಮಾತ್ರ ಹಾಗೇ ಇತ್ತು, ಖಾರವಾಗಿ.

ಊಟದ ಹಾಲಿನಲ್ಲಿ ಕಿಟಕಿ ಪಕ್ಕದ ಬೆಂಚು ಅವರದು.
ಎಲ್ಲೂ ಬರೆದಿರಲಿಲ್ಲ, ಅಡುಗೆಯವಳಿಗೂ ಗೊತ್ತಿತ್ತು.
ಬೈತಖೋಲದ ಸುಲೋಚನಾ ಹರಿಕಂತ್ರ,
ಭಟ್ಕಳದ ಸುಮಯ್ಯಾ, ಹಳಿಯಾಳ ಕಡೆಯ ಬ್ರೆಂಡಾ ಸಿದ್ದಿ,
ಅಜ್ಜಿಯ ಮಣಿಸರ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಅಂಕೋಲೆಯ ಮಂಗಲಾ ಗೌಡ,
ಮತ್ತೆ ಮಾಜಾಳಿಯ ಅವಳಿಗಳು,
ಜಗಳವಾಡುವಾಗಷ್ಟೇ ಬೇರೆ ಬೇರೆ ಕಾಣುವವರು.
ಆರು ಜನ, ಆರು ಜನರ ಬೆಂಚು.

ಹೋದ ವರ್ಷ ಒಬ್ಬಳಿಗೆ ಸೀತಾಳೆ ಸಿಡುಬು ಬಂದು
ಆರೂ ಜನ ಒಂದೇ ಕೋಣೆಯಲ್ಲಿ
ಬೇವಿನೆಲೆಯಿಂದ ಮೈ ನೇವರಿಸಿಕೊಳ್ಳುತ್ತ ಬಿದ್ದಿದ್ದರಂತೆ.
ಅವರ ಹಣೆಯ ಮೇಲೆ, ಮೊಣಕೈ ಮೇಲೆ
ಸಣ್ಣ ಸಣ್ಣ ಗುಳಿ.
ನನ್ನ ಚರ್ಮ ನುಣ್ಣಗಿತ್ತು.

"ಇಲ್ಲಿ ಕೂಡಲೇನ್ರೀ?" ಎಂದೆ ಮೊದಲ ದಿನ.
ನಮ್ಮೂರಲ್ಲಿ ಕೂಡುವುದೆಂದರೆ ಬರೀ ಕುಳಿತುಕೊಳ್ಳುವುದು.
"ಕೂಡಲೇನ್ರೀ!" ಎಂದಳು ಅವಳಿಗಳಲ್ಲಿ ಒಬ್ಬಳು,
ಇನ್ನೊಬ್ಬಳು ನೀರು ಕುಡಿಯುತ್ತಿದ್ದವಳು
ಮೂಗಿನಿಂದ ನಕ್ಕಳು.
ಅವತ್ತಿನಿಂದ ನಾನು ಫಿಲ್ಟರಿನ ಪಕ್ಕದ ಸ್ಟೂಲಿನ ಮೇಲೆ.
ಅವತ್ತಿನಿಂದ ನನ್ನ ಹೆಸರು ರೀ.

ಕಾರಣ ಸ್ವಂತ ಎಂದರೆ ಊರಿಗೇ ಸ್ವಂತ.
ಹುಡುಗನಂತೆ. ನಪಾಸಂತೆ.
ಅಪ್ಪನಿಗೆ ಇನ್ನೊಂದು ಮನೆಯಂತೆ.
ಕಾರಿಡಾರಿನ ಉದ್ದಕ್ಕೂ
ಅಂತೆ ಕಂತೆಗಳು ಬಟ್ಟೆಯಂತೆ ಒಣಗುತ್ತಿದ್ದವು,
ಯಾವುದೂ ಪೂರ್ತಿ ಒಣಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಒಂದು ರಾತ್ರಿ ಗಾಳಿ ಎದ್ದಿತು.
ಬಟ್ಟೆ ತರಲು ಟೆರೇಸಿಗೆ ಹೋದರೆ ಆರೂ ಜನ ಅಲ್ಲೇ,
ನೀರಿನ ಟ್ಯಾಂಕಿಗೆ ಒತ್ತಿ ನಿಂತಿದ್ದರು.
ಸುಲೋಚನಾಳ ಅಪ್ಪನ ದೋಣಿ ಬಂದಿರಲಿಲ್ಲ.
ದೇವಗಡದ ದೀಪಸ್ತಂಭ ಒಮ್ಮೆ ಕಣ್ಣು ಬಿಟ್ಟು
ಬಹಳ ಹೊತ್ತು ಮುಚ್ಚಿಕೊಳ್ಳುತ್ತಿತ್ತು.

ನಾನು ಎರೆಹೊಲದ ಹುಡುಗಿ.
ಮೂರು ಹರದಾರಿ ಆಚೆ ದೀಪ ಕಂಡರೆ
ಬಸ್ಸೋ ಟ್ರ್ಯಾಕ್ಟರೋ ಹೇಳುವವಳು.
"ಅಲ್ನೋಡ್ರಿ, ಎಡಕಿಂದು. ಈ ಕಡೀಗೇ ಬರಾಕತ್ತೈತಿ."
ಏಳೂ ಜನ ಆ ದೀಪವನ್ನು ನೋಡುತ್ತ ಕೂತೆವು.
ಬ್ರೆಂಡಾ ನನ್ನ ಹಿಂಡಿಯನ್ನು ಅಂಗೈಗೆ ಸುರಿದುಕೊಂಡು ತಿಂದು
ಕಣ್ಣು ಮೂಗು ಸುರಿಸಿದಳು. ಅದಕ್ಕೆ ನಕ್ಕೆವು,
ನಕ್ಕದ್ದಕ್ಕೆ ಸುಲೋಚನಾ ಅತ್ತಳು.
ಆಮೇಲೆ ಕತ್ತಲಲ್ಲಿ ಸುಮಯ್ಯಾ ಕೇಳಿದಳು,
ಕಾಲೇಜು ಯಾಕೆ ಬಿಟ್ಟೆ?

ಹೇಳಿದೆ.
ಇಲ್ಲಿ ಹೇಳುವುದಿಲ್ಲ.
ಅವರೂ ಒಬ್ಬೊಬ್ಬರಾಗಿ ಒಂದೊಂದು ಹೇಳಿದರು,
ಅದನ್ನೂ.

ನಾನು ತೋರಿಸಿದ ದೀಪ ನೌಕಾದಳದ್ದು.
ದೋಣಿ ತದಡಿಯ ಅಳಿವೆಯಲ್ಲಿ ತಂಗಿತ್ತು,
ಮರುದಿನ ಹನ್ನೊಂದಕ್ಕೆ ಫೋನು ಬಂತು.
"ನಿನ್ನ ಕಣ್ಣಿಗೆ ಬೆಂಕಿ ಬೀಳ" ಎಂದಳು ಮಂಗಲಾ,
ಬೆನ್ನಿಗೆ ಒಂದು ಗುದ್ದು ಹಾಕಿ.

ಮಧ್ಯಾಹ್ನ ಅವರ ತಟ್ಟೆಯಲ್ಲಿ ಬಂಗುಡೆ ಸಾರು,
ನನ್ನದರಲ್ಲಿ ಬೋಳು ಅನ್ನ, ಸೋಲ್ ಕಡಿ.
ಸ್ಟೂಲಿನ ಕಡೆ ನಡೆದವಳು
ಯಾಕೋ ನಿಂತು, ರೂಢಿಯ ಮಾತನ್ನೇ ಕೇಳಿದೆ.

ಮುಳ್ಳು ಬಿಡಿಸುತ್ತಿದ್ದ ಸುಲೋಚನಾ
ತಲೆ ಎತ್ತಲಿಲ್ಲ. "ಸರಿ" ಎಂದಳು.
ಒಪ್ಪಿಗೆ ಎಂದುಕೊಂಡೆ.
ಅದು ಬ್ರೆಂಡಾಗೆ ಹೇಳಿದ್ದು,
ಮೊಣಕೈಯಿಂದ ತಿವಿದು.
ಬ್ರೆಂಡಾ ಸರಿದಳು, ಸುಮಯ್ಯಾ ಸರಿದಳು,
ಅವಳಿಗಳು ಒಬ್ಬರ ಮೇಲೊಬ್ಬರು ಬಿದ್ದು ಬೈದಾಡಿದರು.

ಆದರೂ ಬೆಂಚು ಆರು ಜನರದ್ದೇ.
ಎರಡು ವರ್ಷ ಹಾಗೇ ಉಂಡೆ,
ಒಂದು ತೊಡೆ ಹಲಗೆಯ ಮೇಲೆ,
ಇನ್ನೊಂದು ಗಾಳಿಯಲ್ಲಿ.